ಪಕ್ಕದಲ್ಲಿ ಎಚ್ಚರವಿದ್ದವರು

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನನ್ನ ಜೊತೆಗಾರರು ನನಗೆಂದೇ ಮೀಸಲಿಟ್ಟಿದ್ದರು. ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ, ಮಧ್ಯಾಹ್ನದ ತತ್ವಶಾಸ್ತ್ರದ ತರಗತಿಯಲ್ಲಿ ನಾನು ತೂಕಡಿಸಿ ಸಿಕ್ಕಿಬೀಳದ ವಾರವೇ ಇರಲಿಲ್ಲ. ಗುರುದೀಕ್ಷೆಯಾದ ಮೇಲೆಯೂ ಅಷ್ಟೆ. ಬಸ್ಸು ಹತ್ತಿದರೆ ಟಿಕೆಟ್ ಕೊಳ್ಳುವ ಮುನ್ನವೇ ನಿದ್ದೆ, ಸಭೆಗಳಲ್ಲಿ ನಿದ್ದೆ, ದಿನಪತ್ರಿಕೆ ಬಿಡಿಸಿದರೆ ನಿದ್ದೆ. ರಾತ್ರಿಯಂತೂ ತಲೆ ದಿಂಬಿಗೆ ತಾಕಿದೊಡನೆ ಗೊರಕೆ. 'ನಮ್ಮ ಫಾದರ್ ಪುಣ್ಯವಂತರು' ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ನಿದ್ದೆ ಬಾರದೆ ಒದ್ದಾಡುವ ಎಷ್ಟೋ ಮಂದಿಯ ಕಷ್ಟವನ್ನು ಕೇಳಿದ್ದ ನಾನೂ ಅದನ್ನು ದೇವರು ಕೊಟ್ಟ ವರವೆಂದೇ ನಂಬಿದ್ದೆ.

ಆ ವರ ಒಂದು ಕಾಯಿಲೆಯೆಂದು ತಿಳಿಯುವ ಹೊತ್ತಿಗೆ ನನಗೆ ಐವತ್ಮೂರು ವರ್ಷ.

ಪ್ರಿಯ ಓದುಗರೇ, ಗುರುವಾದವನು ತನ್ನ ಶರೀರದ ಕಷ್ಟಸುಖಗಳನ್ನು ಬರೆದುಕೊಳ್ಳುವುದು ಸಂಕೋಚದ ಸಂಗತಿ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಈ ಕಾಯಿಲೆ ಇರುವವನಿಗೆ ಅದು ಇದೆಯೆಂಬುದು ತಾನಾಗಿ ತಿಳಿಯುವುದಿಲ್ಲ. ಅದು ನಡೆಯುವುದು ಅವನು ಮಲಗಿರುವಾಗ. ಅದನ್ನು ಕಂಡು ಹೇಳಬೇಕಾದವರು ಪಕ್ಕದಲ್ಲಿ ಎಚ್ಚರವಾಗಿರುವವರು. ನಿಮ್ಮ ಮನೆಯಲ್ಲಿ ಅಂಥವರು ನೀವೇ ಇರಬಹುದು.

2021ರ ಮಳೆಗಾಲದ ಒಂದು ಸಂಜೆಯಿಂದ ಆರಂಭಿಸುತ್ತೇನೆ. ಕೋವಿಡ್‌ನ ಎರಡನೆಯ ಅಲೆ ಇಳಿದು ಕೆಲವೇ ವಾರಗಳಾಗಿದ್ದವು. ಆ ಅಲೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಮ್ಮ ಧರ್ಮಕೇಂದ್ರದ ಕಚೇರಿಗೆ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮಣ್ಣುಮಾಡಿದ ದಿನದಿಂದ ಯಾರೊಡನೆಯೂ ಬಾಯಿಬಿಡದಿದ್ದ ಅವರು ಅಂದು ಮೊದಲ ಬಾರಿಗೆ ಮಾತನಾಡಲು ಕುಳಿತಿದ್ದರು. ಆಸ್ಪತ್ರೆಗೆ ಸೇರಿಸಿದ ರಾತ್ರಿಯವರೆಗೆ ಹೇಳಿದ್ದು ನನಗೆ ನೆನಪಿದೆ. ಮುಂದಿನದು ನೆನಪಿಲ್ಲ. ಕಣ್ಣು ತೆರೆದಾಗ ಎದುರಿನ ಕುರ್ಚಿ ಖಾಲಿಯಾಗಿತ್ತು. ಅವರು ಏಳುವಾಗ ಫ್ಯಾನಿನ ವೇಗ ತಗ್ಗಿಸಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು ಹೋಗಿದ್ದರು.

ಮರುದಿನವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. 'ಇರಲಿ ಬಿಡಿ ಫಾದರ್, ನಿಮಗೂ ಎಷ್ಟು ಕೆಲಸ' ಎಂದು ಕಾಫಿ ಕೊಟ್ಟು ಕಳಿಸಿದರು. ಆದರೆ ನಿಲ್ಲಿಸಿದ್ದ ಮಾತನ್ನು ಮುಂದುವರಿಸಲಿಲ್ಲ.

ಗೆತ್ಸೆಮನಿ ತೋಪಿನಲ್ಲಿ ನಿದ್ದೆಹೋದ ಶಿಷ್ಯರನ್ನು ಕುರಿತು ಪ್ರತಿ ತಪಸ್ಸುಕಾಲದಲ್ಲಿ ಪ್ರಬೋಧನೆ ಮಾಡಿದವನು ನಾನು. ಆ ಶಿಷ್ಯರ ಸಾಲಿನಲ್ಲಿ ನಾನೂ ಒಬ್ಬನಾಗಿದ್ದೆ. ಇದನ್ನು ಸೋಮಾರಿತನವೆಂಬ ಪಾಪವೆಂದೇ ತಿಳಿದು ಪಾಪನಿವೇದನೆ ಮಾಡಿದೆ. ಪ್ರಾಯಶ್ಚಿತ್ತವಾಗಿ ಬೆಳಗಿನ ಪ್ರಾರ್ಥನೆಯನ್ನು ನಿಂತೇ ಮಾಡತೊಡಗಿದೆ. ದಿನಕ್ಕೆ ಎರಡು ಲೋಟವಿದ್ದ ಕಾಫಿ ಐದಕ್ಕೇರಿತು. ಜನರೊಡನೆ ಮಾತನಾಡುವಾಗ ಮೇಜಿನ ಕೆಳಗೆ ತೊಡೆಯನ್ನು ಚಿವುಟಿಕೊಳ್ಳುತ್ತಿದ್ದೆ. ಯಾವುದೂ ಫಲ ಕೊಡಲಿಲ್ಲ. ಆ ವರ್ಷದ ಕೊನೆಯಲ್ಲಿ ಬೆಂಗಳೂರಿನಿಂದ ಒಬ್ಬನೇ ಕಾರು ನಡೆಸಿಕೊಂಡು ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಜಲ್ಲಿಗಿಳಿದ ಸದ್ದಿಗೆ ಬೆಚ್ಚಿ ಎಚ್ಚರವಾಯಿತು. ಕೆಲವು ಮಾರು ಮುಂದೆ ಎಳನೀರು ಮಾರುವವನೊಬ್ಬ ತನ್ನ ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ. ಅಂದು ಕಾರು ನಿಲ್ಲಿಸಿ ಬಹಳ ಹೊತ್ತು ಕುಳಿತಿದ್ದೆ. ಆಗಲೂ ವೈದ್ಯರ ಬಳಿಗೆ ಹೋಗಬೇಕೆಂದು ನನಗೆ ಹೊಳೆಯಲಿಲ್ಲ. ಇನ್ನು ಮುಂದೆ ಹೆಚ್ಚು ಎಚ್ಚರಿಕೆಯಿಂದಿರಬೇಕು ಎಂದು ನಿಶ್ಚಯಿಸಿಕೊಂಡೆ, ಅಷ್ಟೆ.

2022ರ ಜೂನ್‌ನಲ್ಲಿ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಸಂತ ಅಂತೋಣಿಯವರ ಹಬ್ಬದ ಸೇವೆಗೆ ಹೋಗಿದ್ದೆ. ಹಬ್ಬದ ಹಿಂದಿನ ರಾತ್ರಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವೆಂದು ನಿಮಗೆ ಗೊತ್ತು. ಒಂದೇ ಕೋಣೆಯಲ್ಲಿ ನಾವು ಮೂವರು ಗುರುಗಳು ಮಲಗಿದೆವು. ಅವರಲ್ಲೊಬ್ಬರು ಗುರುಮಠದಲ್ಲಿ ನನಗಿಂತ ಆರು ವರ್ಷ ಹಿರಿಯರು. ಬೆಳಿಗ್ಗೆ ಕಾಫಿಯ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು.

'ನಿನ್ನ ಗೊರಕೆಗೆ ನನಗೆ ಎಚ್ಚರವಾಗಲಿಲ್ಲ ಕಣಪ್ಪ. ಗೊರಕೆ ನಿಂತಾಗ ಎಚ್ಚರವಾಯಿತು' ಎಂದರು. 'ಉಸಿರೇ ಇರಲಿಲ್ಲ. ಜಪಸರ ಕೈಯಲ್ಲಿತ್ತು. ಎರಡು ನಮೋ ಮರಿಯಾ ಮುಗಿದರೂ ನೀನು ಉಸಿರು ತೆಗೆದುಕೊಳ್ಳಲಿಲ್ಲ. ಎಬ್ಬಿಸೋಣ ಅನ್ನುವಷ್ಟರಲ್ಲಿ, ನೀರಿನಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಸದ್ದು ಮಾಡಿ ಎಳೆದುಕೊಂಡೆ. ಮತ್ತೆ ಗೊರಕೆ, ಮತ್ತೆ ಅದೇ. ಬೆಳಗಿನವರೆಗೆ ಎಣಿಸುತ್ತ ಕೂತಿದ್ದೆ. ಡಾಕ್ಟರ ಹತ್ತಿರ ನೀನೇ ಹೋಗುತ್ತೀಯೋ, ನಾನು ಕರೆದುಕೊಂಡು ಹೋಗಲೋ?'

ಸುಮಾರು ಇಪ್ಪತ್ತು ವರ್ಷ ಗುರುನಿವಾಸಗಳಲ್ಲಿ ಒಬ್ಬನೇ ಮಲಗಿದ ನನಗೆ ಇದನ್ನು ಹೇಳುವವರು ಅದುವರೆಗೆ ಯಾರೂ ಇರಲಿಲ್ಲ.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ತಲೆಗೆ, ಎದೆಗೆ, ಕಾಲಿಗೆ ತಂತಿಗಳು. ಎದೆ ಮತ್ತು ಹೊಟ್ಟೆಯ ಸುತ್ತ ಪಟ್ಟಿಗಳು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಇಷ್ಟೆಲ್ಲ ಕಟ್ಟಿಕೊಂಡು ಯಾರಿಗೆ ನಿದ್ದೆ ಬರುತ್ತದೆ ಎಂದುಕೊಂಡೆ. ಐದು ನಿಮಿಷದಲ್ಲಿ ನಿದ್ದೆಹೋದೆನಂತೆ. ಈಗ ಕೆಲವರಿಗೆ ಚಿಕ್ಕ ಉಪಕರಣವೊಂದನ್ನು ಕೊಟ್ಟು ಮನೆಯಲ್ಲೇ ಪರೀಕ್ಷೆ ಮಾಡುವುದೂ ಉಂಟು.

ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ. ವೈದ್ಯರು ವಿವರಿಸಿದ್ದು ಹೀಗೆ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಧಾರವಿದೆ. ಅದರ ಮೇಲಿನ ಗಂಟಲಿಗೆ, ಎಂದರೆ ನಾಲಗೆಯ ಹಿಂಬದಿಯ ದಾರಿಗೆ, ಅಂಥ ಆಧಾರವಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳು. ನಿದ್ದೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ಅದುರುತ್ತ ಸಾಗುವ ಸದ್ದೇ ಗೊರಕೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಗೊಂಡು ಅರೆಗಳಿಗೆ ಎಬ್ಬಿಸುತ್ತದೆ, ಗಂಟಲು ತೆರೆದು ಉಸಿರು ನುಗ್ಗುತ್ತದೆ, ಮತ್ತೆ ನಿದ್ದೆ. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅಥವಾ ತೀರ ತಗ್ಗಿದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, ಐದರಿಂದ ಹದಿನೈದು ಸೌಮ್ಯ, ಮೂವತ್ತರವರೆಗೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ.

ನನ್ನದು 42. ಆರೂವರೆ ಗಂಟೆಯ ನಿದ್ದೆಯಲ್ಲಿ ಸುಮಾರು 270 ಬಾರಿ. ಆಮ್ಲಜನಕ ಒಮ್ಮೆ ಶೇ. 71ಕ್ಕೆ ಇಳಿದಿತ್ತು. 'ನೀವು ಮಲಗುತ್ತಿದ್ದಿರಿ ಫಾದರ್, ಆದರೆ ನಿದ್ದೆ ಮಾಡುತ್ತಿರಲಿಲ್ಲ' ಎಂದರು ವೈದ್ಯರು. ಎರಡು ಮಾತ್ರೆಗೂ ಬಗ್ಗದ ನನ್ನ ರಕ್ತದೊತ್ತಡ, ಬೆಳಗಿನ ತಲೆನೋವು, ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ಹೆಸರುಗಳು ಮರೆತುಹೋಗುವುದು, ಇವೆಲ್ಲವೂ ಇದಕ್ಕೆ ಹೊಂದಿಕೊಂಡವೇ ಎಂದು ಅಂದೇ ತಿಳಿದದ್ದು. ನಾನು ಪಾಪವೆಂದು ನಿವೇದಿಸಿಕೊಂಡಿದ್ದು ಪಾಪವಾಗಿರಲಿಲ್ಲ. ಆದರೆ ಅದು ನೆಮ್ಮದಿ ಕೊಡಲಿಲ್ಲ. ನಾನೂ ಎಷ್ಟು ಮಂದಿಯ ಕಾಯಿಲೆಯನ್ನು ಅವರ ಗುಣದೋಷವೆಂದು ತಿಳಿದು ಬುದ್ಧಿ ಹೇಳಿದ್ದೇನೋ ಎಂಬ ಪ್ರಶ್ನೆ ಎದ್ದಿತು.

ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯನವರು 2013ರಿಂದ 2018ರವರೆಗೆ ಮೊದಲ ಬಾರಿ ಮುಖ್ಯಮಂತ್ರಿಯಾಗಿದ್ದಾಗ, ವೇದಿಕೆಯ ಮೇಲೆ ತೂಕಡಿಸುವ ಅವರ ಚಿತ್ರಗಳು ಜನರ ನಗೆಗೆ ವಸ್ತುವಾಗಿದ್ದವು. ನಾನೂ ನಕ್ಕಿದ್ದೆ. ತಮಗೆ ಸ್ಲೀಪ್ ಆಪ್ನಿಯಾ ಇದೆಯೆಂದು ಅವರೇ ಬಹಿರಂಗವಾಗಿ ಹೇಳಿದರು. ಆ ಸುದ್ದಿಯನ್ನು ಓದಿದ ನಾನು ಪುಟ ತಿರುವಿದ್ದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿಯವರು ಮುಂಬೈಯಲ್ಲಿ ತೀರಿಕೊಂಡಾಗಲೂ ವೈದ್ಯರು ಇದೇ ಕಾಯಿಲೆಯ ಹೆಸರು ಹೇಳಿದ್ದರು. ಅದನ್ನೂ ಓದಿದ್ದೆ. ಎರಡು ಬಾರಿಯೂ ಅದು ಬೇರೆಯವರ ಕಾಯಿಲೆಯಾಗಿತ್ತು. 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ವಯಸ್ಕರಲ್ಲಿ ಶೇ. 11ರಷ್ಟು, ಎಂದರೆ ಸುಮಾರು ಹತ್ತು ಕೋಟಿ ಜನರಿಗೆ ಇದು ಇರಬಹುದೆಂದು ಅಂದಾಜಿಸಿದರು. ಅವರಲ್ಲಿ ಎಷ್ಟು ಮಂದಿ ನನ್ನ ಹಾಗೆಯೇ ಪುಟ ತಿರುವುತ್ತಿದ್ದಾರೋ!

ಚಿಕಿತ್ಸೆಯೆಂದರೆ ಸಿ-ಪ್ಯಾಪ್ ಎಂಬ ಯಂತ್ರ. ಅದು ಆಮ್ಲಜನಕ ಕೊಡುವುದಿಲ್ಲ. ಕೋಣೆಯ ಗಾಳಿಯನ್ನೇ ಮೂಗಿನ ಮಾಸ್ಕ್ ಮೂಲಕ ತುಸು ಒತ್ತಡದಿಂದ ಒಳಕ್ಕೆ ಹಾಯಿಸಿ ಗಂಟಲು ಕುಸಿಯದಂತೆ ಹಿಡಿಯುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಚಪ್ಪಟೆಯಾಗದೆ ನಿಲ್ಲುವ ಹಾಗೆ. ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್. 1981ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದಕ್ಕೆ ಮೊದಲು ತೀವ್ರ ರೋಗಿಗಳಿಗಿದ್ದ ಖಚಿತ ಚಿಕಿತ್ಸೆಯೆಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದು. ಮೊದಮೊದಲಿನ ಯಂತ್ರಗಳಿಗೆ ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನೇ ತಿರುಗುಮುರುಗಾಗಿ ಬಳಸಿದ್ದರಂತೆ. ಇಂದಿನ ಯಂತ್ರ ಟಿಫಿನ್ ಡಬ್ಬಿಯಷ್ಟಿದೆ, ಸದ್ದು ಪಿಸುಮಾತಿನಷ್ಟು.

ಯಂತ್ರ ಮನೆಗೆ ಬಂದೊಡನೆ ಎಲ್ಲ ಸರಿಹೋಯಿತೆಂದು ಭಾವಿಸಬೇಡಿ. ಮೊದಲ ರಾತ್ರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಾಗ ಉಸಿರುಗಟ್ಟಿದಂತಾಗಿ ಕಿತ್ತೆಸೆದೆ. ಎರಡನೆಯ ರಾತ್ರಿ ನನ್ನ ಮೀಸೆಯ ಸಂದಿನಿಂದ ಗಾಳಿ ಸೋರಿ ಕಣ್ಣಿಗೆ ಬೀಸಿತು. ಮೂರನೆಯ ರಾತ್ರಿ ಬಾಯಿ ತೆರೆದುಕೊಂಡು ನಾಲಗೆ ಒಣಗಿದ ಚರ್ಮದಂತಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಸುಮಾರು ಐವತ್ತು ಸಾವಿರ ರೂಪಾಯಿಯ ಯಂತ್ರ ಮಂಚದ ಕೆಳಗೆ ಸೇರಿತು. ಅದಕ್ಕೆ ನಿಜವಾದ ಕಾರಣ ಮೀಸೆಯಲ್ಲ, ನಾಲಗೆಯಲ್ಲ, ನಾಚಿಕೆ. ಕೊಳವೆ ಕಟ್ಟಿಕೊಂಡು ಮಲಗುವವನು ರೋಗಿ, ನಾನು ರೋಗಿಯಲ್ಲ ಎಂಬ ಹಟ.

ಅದನ್ನು ಮತ್ತೆ ಹೊರತೆಗೆಯುವಂತೆ ಮಾಡಿದವರು ಡೋರ್ನಹಳ್ಳಿಯ ರಾತ್ರಿ ಎಣಿಸುತ್ತ ಕುಳಿತಿದ್ದ ಆ ಹಿರಿಯ ಗುರುಗಳು. ಫೋನು ಮಾಡಿ ವಿಚಾರಿಸಿದಾಗ ಸುಳ್ಳು ಹೇಳಲಾಗಲಿಲ್ಲ. ಅವರು ಗದರಿಸಲಿಲ್ಲ. 'ಹಗಲು ಹೊತ್ತು ಟಿ.ವಿ. ನೋಡುವಾಗ ಅರ್ಧ ಗಂಟೆ ಕಟ್ಟಿಕೊಂಡು ಕೂತುಕೋ. ನಿದ್ದೆ ಮಾಡಬೇಡ, ಸುಮ್ಮನೆ ಅಭ್ಯಾಸಕ್ಕೆ' ಎಂದರು. ತಾವು ಯಾವುದೋ ವೈದ್ಯರನ್ನು ಕೇಳಿ ತಿಳಿದುಕೊಂಡದ್ದಂತೆ. ಹಾಗೆಯೇ ಮಾಡಿದೆ. ಮಾಸ್ಕಿನ ಅಳತೆ ಬದಲಾಯಿಸಿದೆ, ಮೀಸೆಯನ್ನು ಕತ್ತರಿಸಿದೆ. ಗಾಳಿ ಮೊದಲು ಮೆಲ್ಲಗೆ ಬೀಸಿ ನಿದ್ದೆ ಬಂದ ಮೇಲೆ ಏರುವ ಏರ್ಪಾಡು ಯಂತ್ರದಲ್ಲೇ ಇತ್ತು. ಅದನ್ನು ಬಳಸಲು ಕಲಿತೆ. ಗಾಳಿಗೆ ತೇವ ಕೊಡುವ ತೊಟ್ಟಿಗೆ ನೀರು ತುಂಬಿದ ಮೇಲೆ ಬಾಯಿ ಒಣಗುವುದು ಕಡಿಮೆಯಾಯಿತು. ಆರನೆಯ ವಾರದ ಒಂದು ಬೆಳಿಗ್ಗೆ ಗಡಿಯಾರದ ಅಲಾರಮ್ಮಿಗೆ ಮೊದಲೇ ಎಚ್ಚರವಾಯಿತು. ತಲೆ ಹಗುರವಾಗಿತ್ತು. ಹೊರಗೆ ಸಂತ ಫಿಲೋಮಿನಾ ಪ್ರಧಾನಾಲಯದ ಗೋಪುರಗಳ ಹಿಂದೆ ಬೆಳಕು ಮೂಡುತ್ತಿತ್ತು. ಇಡೀ ರಾತ್ರಿ ನಿದ್ದೆ ಮಾಡುವುದೆಂದರೆ ಏನೆಂದು ಆ ವಯಸ್ಸಿನಲ್ಲಿ ಮೊದಲ ಬಾರಿಗೆ ತಿಳಿಯಿತು.

ಇಂದಿಗೂ ನನ್ನ ಮನೆಯ ದಿನಚರಿ ಹೀಗಿದೆ. ಬೆಳಿಗ್ಗೆ ಮಾಸ್ಕಿನ ಮೆತ್ತೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೊಟ್ಟಿಯ ಉಳಿದ ನೀರನ್ನು ಚೆಲ್ಲುತ್ತೇನೆ. ಶನಿವಾರ ಮಾಸ್ಕ್, ಕೊಳವೆ, ತೊಟ್ಟಿಗಳನ್ನು ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಒಡ್ಡಿದರೆ ಬೇಗ ಹಾಳಾಗುತ್ತವೆ. ತೊಟ್ಟಿಗೆ ನಲ್ಲಿಯ ನೀರು ಹಾಕಿದರೆ ಬಿಳಿಯ ಪದರ ಕಟ್ಟುತ್ತದೆ, ಆದ್ದರಿಂದ ಭಟ್ಟಿ ಇಳಿಸಿದ ನೀರು. ಗಾಳಿಯ ಫಿಲ್ಟರಿನ ಮೇಲೆ ದಸರಾ ಕಾಲದ ಧೂಳು ಬೇಗ ಕೂರುತ್ತದೆ, ತಿಂಗಳಿಗೊಮ್ಮೆ ನೋಡುತ್ತೇನೆ. ಕರೆಂಟು ಹೋದರೆ ಯಂತ್ರ ನಿಲ್ಲುವುದರಿಂದ ಅದನ್ನು ಮನೆಯ ಯುಪಿಎಸ್‌ಗೆ ಜೋಡಿಸಿದೆ. ಪ್ರಯಾಣಕ್ಕೆ ಹೊರಟರೆ ಪೂಜಾವಸ್ತ್ರಗಳ ಚೀಲದ ಜೊತೆ ಯಂತ್ರದ ಚೀಲವೂ ಹೊರಡುತ್ತದೆ. ಅಣ್ಣನ ಮೊಮ್ಮಗಳು ಅದನ್ನು ಕಟ್ಟಿಕೊಂಡ ನನ್ನನ್ನು ನೋಡಿ, 'ಫಾದರ್ ತಾತ ದಸರಾ ಆನೆ' ಎಂದು ಮನೆಯೆಲ್ಲ ಸಾರಿದಳು. ನಾಚಿಕೆಯ ಕೊನೆಯ ಎಳೆಯೂ ಅಂದು ಹರಿಯಿತು. ಈಗ ಬೆಳಿಗ್ಗೆ ಯಂತ್ರದ ಪರದೆ ತೋರಿಸುವ ಸಂಖ್ಯೆ ಹೆಚ್ಚಾಗಿ ಮೂರು.

ಯಂತ್ರವೊಂದೇ ಸಾಲದು. ದೇಹದ ತೂಕ ಶೇ. 10ರಷ್ಟು ಇಳಿದರೆ ಉಸಿರು ನಿಲ್ಲುವ ಸಂಖ್ಯೆ ಸುಮಾರು ಕಾಲುಭಾಗ ಇಳಿಯಬಹುದೆಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯತೊಡಗಿ, ರಾತ್ರಿಯ ಎರಡು ಮುದ್ದೆಯನ್ನು ಒಂದು ಮಾಡಿ, 86 ಕಿಲೋ ಇದ್ದವನು 79ಕ್ಕೆ ಬಂದಿದ್ದೇನೆ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಜಾರುವುದರಿಂದ ಮಗ್ಗುಲಾಗಿ ಮಲಗುತ್ತೇನೆ. ಮದ್ಯವೂ ನಿದ್ದೆ ಮಾತ್ರೆಯೂ ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದು ಇಂಥವರಿಗೆ ಅಪಾಯ. ಮೈಸೂರು ಯೋಗದ ಊರು; ಪ್ರಾಣಾಯಾಮ ಮಾಡಿ, ಯಂತ್ರ ಬಿಡಿ ಎಂದು ಹಲವರು ಹೇಳಿದರು. ಪ್ರಾಣಾಯಾಮ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಅದು ನಮ್ಮ ಸಂಕಲ್ಪದಿಂದ ನಡೆಯುವ ಉಸಿರು. ನಿದ್ದೆಯಲ್ಲಿ ಸಂಕಲ್ಪ ನಮ್ಮ ಕೈಯಲ್ಲಿರುವುದಿಲ್ಲ. ತೂಕ ಇಳಿಸುವ ಒಂದು ಚುಚ್ಚುಮದ್ದನ್ನು ಬೊಜ್ಜಿನ ಜೊತೆ ಈ ಕಾಯಿಲೆಯಿರುವವರಿಗೆ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿದೆ. ಅದು ಯಾರಿಗೆ ತಕ್ಕದ್ದೆಂದು ವೈದ್ಯರೇ ಹೇಳಬೇಕು.

ಕಳೆದ ವರ್ಷ ಆ ತಾಯಿಯ ಮನೆಗೆ ಮತ್ತೆ ಹೋದೆ. ನನ್ನ ಕಾಯಿಲೆಯ ವಿಷಯವೆಲ್ಲ ಹೇಳಿ, 'ಅಂದು ನಿಲ್ಲಿಸಿದ ಕಡೆಯಿಂದ ಹೇಳುತ್ತೀರಾ ಅಮ್ಮ?' ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು. ಎರಡು ಗಂಟೆ ಹಿಡಿಯಿತು. ನಾನು ಎಚ್ಚರವಾಗಿದ್ದೆ.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನನ್ನ ಅವ್ವ ಇದ್ದಾರೆ, ಎಂಬತ್ತು ದಾಟಿದೆ. ಅಪ್ಪ 1994ರಲ್ಲಿ, ನಾನು ಗುರುಮಠದಲ್ಲಿದ್ದಾಗ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. 'ಪುಣ್ಯವಂತ, ನಿದ್ದೆಯಲ್ಲೇ ಹೋದ' ಎಂದು ಊರೆಲ್ಲ ಹೇಳಿತ್ತು. ನಾನೂ ಎಷ್ಟೋ ಬಾರಿ ಅದನ್ನೇ ಹೇಳಿದ್ದೇನೆ. ಯಂತ್ರ ಕೊಂಡ ಮೇಲೆ ಮೊದಲ ಬಾರಿ ಊರಿಗೆ ಹೋದಾಗ ಅವ್ವ ನನ್ನ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡರು. ಯಂತ್ರ ಏಕೆಂದು ಕೇಳಿದರು. ಹೇಳಿದೆ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವರ ದನಿ ಕೇಳಿಸಿತು.

'ನಿಮ್ಮಪ್ಪನ್ಗೂ ಇಂಗೇ ಆಗೋದು ಕಣಪ್ಪ. ಗೊರಕೆ ನಿಂತ್‌ಬುಟ್ರೆ ನಂಗೆ ಎಚ್ಚರ ಆಗೋದು. ಭುಜ ಹಿಡ್ದು ಅಲ್ಲಾಡಿಸ್ತಿದ್ದೆ. ಮಗ್ಗಲು ಬದ್ಲಾಯ್ಸಿ ಉಸ್ರು ಬುಡೋರು. ದಿನಾಲೂ ಅದೇಯ.' ಸ್ವಲ್ಪ ತಡೆದು, 'ಆವತ್ತು ನಾನು ತವರಿಗೆ ಹೋಗಿದ್ದೆ, ತಮ್ಮನ ಮಗಳ ಮದ್ವೆಗೆ' ಎಂದರು.

ಸುಮಾರು ಮೂವತ್ತು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಪಾಪನಿವೇದನೆಯಲ್ಲೂ ಹೇಳಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಅಪ್ಪನ ಸಾವಿಗೆ ಇದೇ ಕಾರಣವೆಂದು ಇಂದು ಯಾರೂ ಹೇಳಲಾರರು. ಅವರಿಗೆ ರಕ್ತದೊತ್ತಡವಿತ್ತು, ಬೀಡಿ ಸೇದುತ್ತಿದ್ದರು, ಯಾವ ಪರೀಕ್ಷೆಯೂ ನಡೆಯಲಿಲ್ಲ. ಆ ಕಾಲದಲ್ಲಿ ನಮ್ಮ ಹಳ್ಳಿಯಲ್ಲಿ ಈ ಕಾಯಿಲೆಯ ಹೆಸರು ಬಲ್ಲವರೂ ಇರಲಿಲ್ಲ. ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಹೇಳಿದ್ದು ಇಷ್ಟೆ: 'ಅವ್ವ, ಒಂದು ರಾತ್ರಿಯ ಲೆಕ್ಕ ಇಟ್ಟುಕೊಂಡಿದ್ದೀಯ. ಅದಕ್ಕೆ ಮುಂಚಿನ ಅಷ್ಟು ವರ್ಷಗಳ ರಾತ್ರಿಗಳನ್ನು ಯಾರು ಲೆಕ್ಕ ಹಾಕಬೇಕು?' ಅವರು ಉತ್ತರ ಕೊಡಲಿಲ್ಲ. ಅಳುತ್ತಿದ್ದರೆಂದು ತಿಳಿಯಿತು. ಮಾಸ್ಕ್ ತೆಗೆದಿಟ್ಟು ಚಾಪೆಯ ಮೇಲೆ ಅವರ ಪಕ್ಕದಲ್ಲಿ ಕುಳಿತೆ.

ಆದ್ದರಿಂದ ಓದುಗರೇ, ನಿಮ್ಮಲ್ಲಿ ನನ್ನ ವಿನಂತಿ. ಗೊರಕೆಯನ್ನು ನಗೆಯ ವಿಷಯ ಮಾಡುವುದನ್ನು ಬಿಟ್ಟು ಅದನ್ನು ಆಲಿಸಿ. ಸದ್ದಿಗಿಂತ ಹೆಚ್ಚಾಗಿ ಸದ್ದು ನಿಲ್ಲುವುದನ್ನು ಆಲಿಸಿ. ನಿಂತು, ಮತ್ತೆ ಏದುಸಿರಿನಿಂದ ಆರಂಭವಾದರೆ, ಬೆಳಿಗ್ಗೆ ಅದನ್ನು ಅವರಿಗೆ ಹೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ವೈದ್ಯರಿಗೂ ಕೇಳಿಸಿ. ಇದು ದಪ್ಪ ಇರುವವರ ಕಾಯಿಲೆ ಮಾತ್ರವಲ್ಲ. ಚಿಕ್ಕ ದವಡೆಯ ತೆಳ್ಳನೆಯವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ. ಅವರಲ್ಲಿ ಗೊರಕೆಗಿಂತ ಆಯಾಸ, ತಲೆನೋವು, ನಿದ್ದೆ ಬಾರದಿರುವುದು ಮುಂದಾಗಿ ಕಾಣುವುದರಿಂದ ಯಾರೂ ಅನುಮಾನಿಸುವುದಿಲ್ಲ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವ, ಹಗಲು ಚಡಪಡಿಸುವ, ಪಾಠದಲ್ಲಿ ಹಿಂದುಳಿದ ಮಗುವಿಗೆ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿರಬಹುದು. ಬೈಯುವ ಮುನ್ನ ಒಮ್ಮೆ ತೋರಿಸಿ. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯಿದೆಯೆಂದು ತಪ್ಪದೆ ತಿಳಿಸಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಿರುವುಗಳೂ ಕಡಿಮೆ, ನಿಲುಗಡೆಗಳೂ ಕಡಿಮೆ. ಹಗಲು ತೂಕಡಿಸುವವರು ಪರೀಕ್ಷೆಯಾಗುವವರೆಗೆ ಅಲ್ಲಿ ಸ್ಟೇರಿಂಗ್ ಹಿಡಿಯಬೇಡಿ. ಎಳನೀರು ಮಾರುವ ಆ ಮನುಷ್ಯ ನನ್ನ ಕಣ್ಣ ಮುಂದೆ ಇನ್ನೂ ನಿಂತಿದ್ದಾನೆ.

ಹಣದ ಮಾತು ನಿಜ. ನನಗೆ ಧರ್ಮಪ್ರಾಂತ್ಯ ನೆರವಾಯಿತು. ಆಟೋ ಓಡಿಸುವವನಿಗೆ, ರಾತ್ರಿ ಪಾಳಿಯ ಕಾವಲುಗಾರನಿಗೆ ಐವತ್ತು ಸಾವಿರ ಎಲ್ಲಿಂದ ಬರಬೇಕು? ಯಂತ್ರಗಳು ತಿಂಗಳ ಬಾಡಿಗೆಗೂ ಸಿಗುತ್ತವೆ. ನಮ್ಮ ಧರ್ಮಕೇಂದ್ರದಲ್ಲಿ ನಾಲ್ಕು ಕುಟುಂಬಗಳು ಸೇರಿ ಒಬ್ಬ ಆಟೋ ಚಾಲಕನ ಬಾಡಿಗೆ ಕಟ್ಟಿದವು. ಆರು ತಿಂಗಳಾದ ಮೇಲೆ ಅವನು ಕಂತಿನಲ್ಲಿ ಸ್ವಂತದ್ದು ಕೊಂಡ. ಹಳೆಯ ಯಂತ್ರ ಅಗ್ಗವಾಗಿ ಸಿಕ್ಕಿತೆಂದು ಯಾರಿಂದಲೋ ಕೊಳ್ಳುವ ಮುನ್ನ ವೈದ್ಯರಿಗೆ ತೋರಿಸಿ. ಒತ್ತಡ ಒಬ್ಬೊಬ್ಬರಿಗೆ ಒಂದೊಂದು. ಕನ್ನಡಕದ ಹಾಗೆ ಒಬ್ಬರದು ಇನ್ನೊಬ್ಬರಿಗಾಗದು.

ಅವ್ವನಿಗೆ ಈಗ ಮೊಬೈಲು ಬಂದಿದೆ. ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಾರೆ. ಮೊದಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಊಟ ಆಯಿತೇ ಎಂದು. ಈಗ ಎರಡು.

'ಉಂಡ್ಯಾ? ಮಿಷಿನ್ ಹಾಕ್ಕೊಂಡ್ಯಾ?'

'ಹಾಕ್ಕೊಳ್ತಾ ಇದೀನಿ ಅವ್ವ.'

'ಸರಿ ಮನಿಕೊ' ಎಂದು ಅವರು ಫೋನು ಇಡುತ್ತಾರೆ.